ಕೊರಳಲ್ಲಿ ಏನೂ ಇರಬಾರದು

ನಾನು ಅವರನ್ನು ಮೊದಲ ಸಲ ನೋಡಿದ್ದು ಅವರು ಕಪಾಳಕ್ಕೆ ಏಟು ತಿನ್ನುತ್ತಿದ್ದಾಗ.

ಹೊಸಪೇಟೆಯಿಂದ ತೋರಣಗಲ್ಲಿಗೆ ಹೋಗುವ ದಾರಿಯ ಪಕ್ಕ, ಅದಿರಿನ ದುಡ್ಡಿನಲ್ಲಿ ಎದ್ದ ವಾಟರ್ ಪಾರ್ಕು ಅದು. ಕೆಲಸ ಕೇಳಲು ಹೋಗಿದ್ದೆ. ಗೇಟು ದಾಟಿದ ಕೂಡಲೇ ಎಡಗಡೆ 'ಅತಿಥಿ ಸೇವೆ' ಎಂದು ಬರೆದ ಕೌಂಟರು. ಅದರ ಹಿಂದೆ ನಲವತ್ತೈದರ ಆಸುಪಾಸಿನ, ದಪ್ಪ ಮೈಕಟ್ಟಿನ ಹೆಂಗಸೊಬ್ಬರು ನಿಂತಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಎದುರಿಗೆ ಬಿಳಿ ಅಂಗಿಯ ಲಾರಿ ಮಾಲೀಕನೊಬ್ಬ. ಅವನ ಬ್ಯಾಗಿನಲ್ಲಿದ್ದ ಬಾಟಲಿಯನ್ನು ಅವರು ಅವನ ಕಣ್ಣೆದುರೇ ಮೋರಿಗೆ ಸುರಿದಿದ್ದರು. ಅವನು ಕೌಂಟರಿನ ಮೇಲಿಂದಲೇ ಕೈ ಬೀಸಿ ಹೊಡೆದ. ಆ ಸದ್ದಿಗೆ ಟಿಕೇಟಿನ ಸಾಲೆಲ್ಲ ತಿರುಗಿ ನೋಡಿತು.

ಅವರು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ದೂರಿನ ಪುಸ್ತಕ ತೆಗೆದು, ಬರೆಯುವುದನ್ನು ಗಟ್ಟಿಯಾಗಿ ಓದುತ್ತಾ ಬರೆದರು. "ಕಪಾಳಕ್ಕೆ ಹೊಡೆದರು. ಬಲಗೈ. ಉಂಗುರ ಇತ್ತು." ಆಮೇಲೆ ಪುಸ್ತಕವನ್ನು ಅವನ ಕಡೆ ತಿರುಗಿಸಿ, "ಸಹಿ ಮಾಡ್ರಿ. ಮತ್ತ ಚಾ ತರಿಸಲೇನು, ಕುಂದ್ರತೀರಿ?" ಎಂದು ಕೇಳಿದರು. ಅವನು ಸಹಿ ಹಾಕಿಬಿಟ್ಟ. ಕುಡಿದ ಗಂಡಸಿಗೂ ಪೆನ್ನು ಕೊಟ್ಟರೆ ಸಹಿ ಹಾಕುತ್ತಾನೆ ಎಂದು ನನಗೆ ಗೊತ್ತಾದದ್ದು ಅವತ್ತು.

ಹೋದ ತಿಂಗಳು ಸಂಡೂರಿನಿಂದ ಫೋನು ಬಂತು. ಆಗ ನಮ್ಮ ದೊಡ್ಡ ಜಾರುಬಂಡೆಯ ಆಪರೇಟರ್ ಆಗಿದ್ದವನು ಮಾಡಿದ್ದ. "ಅಕ್ಕಾ, ರೂಲ್ಸಮ್ಮ ಹೋದ್ರು," ಎಂದ. ನಾವು ಅವರನ್ನು ಕರೆಯುತ್ತಿದ್ದದ್ದು ಹಾಗೆಯೇ. ಫೋನಿನಲ್ಲಿ ಅವನು ಅಳುತ್ತಿದ್ದ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾಕೆಂದರೆ ಅವರ ಬಗ್ಗೆ ನಾನು ಯಾರಿಗೂ ಹೇಳದ ಮಾತೊಂದು ಉಳಿದುಹೋಗಿತ್ತು, ಅದನ್ನು ಅವರ ಹತ್ತಿರ ಒಮ್ಮೆಯಾದರೂ ಆಡಿ ಹಗುರಾಗಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಂಡಿದ್ದೆ.

ನನ್ನ ಕೆಲಸ ಕಾಸ್ಟ್ಯೂಮ್ ಕೌಂಟರಿನಲ್ಲಿ. ಸೀರೆ, ಪಂಚೆ, ಜೀನ್ಸು ಹಾಕಿಕೊಂಡು ನೀರಿಗೆ ಇಳಿಯುವಂತಿಲ್ಲ. ನಮ್ಮಲ್ಲಿ ನೈಲಾನು ಬಟ್ಟೆ ಬಾಡಿಗೆಗೆ ತೆಗೆದುಕೊಳ್ಳಬೇಕು. ಈ ನಿಯಮವೆಲ್ಲ ಗೇಟಿನ ಪಕ್ಕದ ದೊಡ್ಡ ಬೋರ್ಡಿನಲ್ಲಿತ್ತು, ಕನ್ನಡದಲ್ಲೂ ತೆಲುಗಿನಲ್ಲೂ. ಧಣಿಗಳು ಪೇಂಟರನನ್ನು ದೊಡ್ಡ ಊರಿನ ಪಾರ್ಕೊಂದಕ್ಕೆ ಕಳಿಸಿ, ಅಲ್ಲಿನ ಬೋರ್ಡನ್ನು ಇದ್ದದ್ದು ಇದ್ದ ಹಾಗೆ ಬರೆಸಿ ತರಿಸಿದ್ದರು. ಹಾಗಾಗಿ ನಮ್ಮಲ್ಲಿ ಇಲ್ಲದ ಆಟದ ರೈಲಿಗೂ ಒಂದು ನಿಯಮವಿತ್ತು. ಜನ ಬೋರ್ಡು ನೋಡಿ ರೈಲು ಎಲ್ಲಿ ಎಂದು ಜಗಳ ತೆಗೆಯುತ್ತಿದ್ದರು. ಆ ಬೋರ್ಡನ್ನು ಪೂರ್ತಿಯಾಗಿ ನಂಬಿದ್ದವರು ಇಡೀ ಪಾರ್ಕಿನಲ್ಲಿ ರೂಲ್ಸಮ್ಮ ಒಬ್ಬರೇ.

"ರೂಲ್ಸು ಧಣಿದಲ್ಲ, ನೀರಿಂದು," ಎನ್ನುತ್ತಿದ್ದರು. ಅವರು ಬೆಳೆದದ್ದು ತುಂಗಭದ್ರಾ ಡ್ಯಾಮಿನ ಕ್ವಾರ್ಟರ್ಸಿನಲ್ಲಿ. ಅವರ ಅಪ್ಪ ಡ್ಯಾಮಿನ ಗೇಟು ಎತ್ತುವ ಕೆಲಸದಲ್ಲಿದ್ದವರು. ಕಾಲುವೆಯಲ್ಲಿ ತೇಲಿ ಬಂದ ಹೆಣಗಳನ್ನು ಕೊಕ್ಕೆ ಹಾಕಿ ಎಳೆಯುವುದನ್ನು ಚಿಕ್ಕಂದಿನಿಂದ ನೋಡಿದ್ದರಂತೆ. "ನೀರಿಗೆ ನೀನು ಯಾರ ಮಗ ಅಂತ ಗೊತ್ತಾಗಂಗಿಲ್ಲಪಾ," ಎಂದು ಎಂಥೆಂಥವರ ಮುಖಕ್ಕೂ ಹೇಳಿಬಿಡುತ್ತಿದ್ದರು.

ಆ ವರ್ಷಗಳು ಹೇಗಿದ್ದವು ಎಂದರೆ, ನಿನ್ನೆ ಮೊನ್ನೆ ಸಂಡೂರಿನ ಗುಡ್ಡದಲ್ಲಿ ಸುತ್ತಿಗೆ ಹಿಡಿದವನು ಇವತ್ತು ಮೂರು ಟಿಪ್ಪರ್ ಇಟ್ಟುಕೊಂಡು, ಕೊರಳಿಗೆ ಬೆರಳು ದಪ್ಪದ ಚೈನು ಹಾಕಿಕೊಂಡು ಬರುತ್ತಿದ್ದ. ಬೇಡ ಎಂಬ ಮಾತನ್ನು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಭಾನುವಾರ ಬಂದರೆ ಸಾಕು, ಒಂದಾದರೂ ಹಲ್ಲು ಉದುರಬೇಕು, ಒಂದಾದರೂ ಗಾಜು ಒಡೆಯಬೇಕು. ಗೇಟಿನಲ್ಲಿ ಕಾಲು ತೊಳೆಯಲು ಒಂದು ತೊಟ್ಟಿ ಇತ್ತು, ಕೆಂಪು ಧೂಳಿನ ಕಾಲು ಕೊಳಕ್ಕೆ ಇಳಿಯಬಾರದೆಂದು. ತೊಳೆಯಲ್ಲ ಎಂದ ಒಬ್ಬನನ್ನು ನಮ್ಮ ಗಾರ್ಡು ತಡೆದ. ಅವನ ಕಡೆಯವರು ಗಾರ್ಡಿನ ತಲೆಯನ್ನೇ ಆ ತೊಟ್ಟಿಯಲ್ಲಿ ಅದ್ದಿ ಹಿಡಿದರು. ರೂಲ್ಸಮ್ಮ ಹೋಗಿ, ಗಾರ್ಡಿನ ಕಾಲರ್ ಹಿಡಿದು ಮೇಲಕ್ಕೆಳೆದು, ತೊಳೆಯಲ್ಲ ಎಂದವನ ಪಾದವನ್ನು ತಮ್ಮ ಕೈಯಿಂದಲೇ ತಿಕ್ಕಿ ತೊಳೆದರು. "ಆತಿಲ್ರಿ? ಈಗ ಒಳಗ ಹೋಗ್ರಿ." ಅವನು ಏನು ಮಾಡಬೇಕೆಂದು ತಿಳಿಯದೆ ಒಳಗೆ ಹೋದ.

ಒಬ್ಬ ದೊಡ್ಡವರ ಗನ್‌ಮ್ಯಾನ್ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಬಂದಿದ್ದ. ಚಪ್ಪಲಿ, ಹೆಲ್ಮೆಟ್ಟು ಇಡುವ ಕಡೆ ಪಿಸ್ತೂಲನ್ನೂ ಇಡಬೇಕೆಂದು ಇವರು ಹಟ ಹಿಡಿದರು. ಅವನು ಅದನ್ನು ತೆಗೆದು ಇವರ ಹಣೆಗೇ ಒತ್ತಿದ. ನಾನು ನನ್ನ ಕೌಂಟರಿನ ಕೆಳಗೆ ಕೂತುಬಿಟ್ಟೆ. ಎದ್ದು ನೋಡಿದಾಗ ಅವರು ಅವನ ಇನ್ನೊಂದು ಕೈಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದರು. ಪಿಸ್ತೂಲಿನ ತುದಿಗೆ ವಿಭೂತಿ ಹತ್ತಿತ್ತು.

ಹಾಗೆಂದು ಅವರೇನು ಸಾಧು ಸ್ವಭಾವದವರಲ್ಲ. ಅವರ ಕೈಯೂ ಭಾಳ ಬೇಗ ಏಳುತ್ತಿತ್ತು, ಆದರೆ ಅತಿಥಿಗಳ ಮೇಲಲ್ಲ, ನಮ್ಮ ಮೇಲೆ. ಎತ್ತರ ಅಳೆಯುವ ಕೋಲಿಗಿಂತ ಗಿಡ್ಡ ಇದ್ದ ಮಗುವನ್ನು ಕಾಸು ಇಸಿದುಕೊಂಡು ಬಿಟ್ಟ ಗಾರ್ಡೊಬ್ಬನಿಗೆ ಅದೇ ಕೋಲು ಮುರಿಯುವ ತನಕ ಬಾರಿಸಿದ್ದರು. ನನಗೂ ಒಮ್ಮೆ ಬಿದ್ದಿದೆ, ಹರಿದ ಹೊಲಿಗೆಯ ಬಟ್ಟೆಯನ್ನು ಹೆಣ್ಣುಮಗಳೊಬ್ಬಳಿಗೆ ಕೊಟ್ಟದ್ದಕ್ಕೆ. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ತಮ್ಮ ಡಬ್ಬಿಯ ಜೋಳದ ರೊಟ್ಟಿ, ಪುಂಡಿಪಲ್ಯ ನನ್ನ ಮುಂದಿಟ್ಟು, "ಉಣ್ಣು. ಸಿಟ್ಟು ಹೊಟ್ಟಿ ಮ್ಯಾಲ ಬ್ಯಾಡ," ಎಂದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ಬೋರ್ಡಿನ ನಿಯಮಗಳಲ್ಲಿ ಜಗಳಕ್ಕೆ ಮೂಲವಾದದ್ದು ದೊಡ್ಡ ಜಾರುಬಂಡೆಯದು. ಅದೊಂದು ಸುತ್ತು ಸುತ್ತಾದ ಕೊಳವೆ, ಮೇಲಿನಿಂದ ಕೂತರೆ ಕತ್ತಲಲ್ಲಿ ತಿರುಗಿ ತಿರುಗಿ ಕೆಳಗಿನ ಕೊಳಕ್ಕೆ ಬಂದು ಬೀಳಬೇಕು. ಅದಕ್ಕೆ ಕೊರಳಲ್ಲಿ ಏನೂ ಇರಬಾರದು. ಚೈನು ಬಿಚ್ಚುವುದಕ್ಕೆ ಗಂಡಸರು ಗೊಣಗುತ್ತಿದ್ದರು, ಅಷ್ಟೆ. ತೊಂದರೆ ಇದ್ದದ್ದು ತಾಳಿಯದು. "ತಾಳಿ ತೆಗಿ ಅಂತೀಯೇನಲೇ, ನನ್ನ ಹೆಂಡ್ತಿಗೆ?" ಎಂದು ಗಂಡಂದಿರು ಏರಿ ಬರುತ್ತಿದ್ದರು. ಒಬ್ಬ ಇವರ ಕುತ್ತಿಗೆಗೇ ಕೈ ಹಾಕಿದ್ದ. ಹೆಣ್ಣುಮಕ್ಕಳು ಅಳುತ್ತಿದ್ದರು. ರೂಲ್ಸಮ್ಮ ಒಂದು ಕೂದಲಿನಷ್ಟೂ ಕದಲಲಿಲ್ಲ. "ತೆಗೀರಿ ಅಂತ ನಾ ಎಲ್ಲಿ ಅಂದೆ? ತಾಳಿ ಇರ್ಲಿ, ನೀವು ಕೆಳಗಿರ್ರಿ." ಎಷ್ಟು ಜನ ಹೆಂಗಸರು ಆ ಮೆಟ್ಟಿಲ ಹತ್ತಿರದಿಂದ ಹಿಂದಿರುಗಿ, ಮೇಲೆ ಹೋದ ಗಂಡಂದಿರ ಚಪ್ಪಲಿ ಕಾಯುತ್ತಾ ಕೂತರೋ, ನಾನು ನೋಡಿದ್ದೇನೆ.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಎಂದರೆ, ಅಂಥ ಹೆಂಗಸು ಒಬ್ಬನನ್ನು ಬಿಟ್ಟರು. ಪಿಸ್ತೂಲಿಗೆ ಬಿಡದವರು, ಏಟಿಗೆ ಬಿಡದವರು, ಒಬ್ಬನ ಭಕ್ತಿಗೆ ಬಿಟ್ಟರು.

ಕಂಪ್ಲಿಯ ಕಡೆಯ ರೈಸ್ ಮಿಲ್ ಮನೆತನದವರು ಎರಡು ಕ್ರೂಸರ್ ಗಾಡಿ ಮಾಡಿಕೊಂಡು ಬಂದಿದ್ದರು. ಬೆಳಿಗ್ಗೆ ಹಂಪಿ ನೋಡಿ, ಮಧ್ಯಾಹ್ನ ನಮ್ಮಲ್ಲಿಗೆ. ಅವರಲ್ಲಿ ಒಬ್ಬ ಇಪ್ಪತ್ತೈದು ಇಪ್ಪತ್ತಾರರ ಹುಡುಗ, ಮದುವೆಯಾಗಿ ಎರಡು ತಿಂಗಳು. ನನ್ನ ಹತ್ತಿರ ಬಟ್ಟೆ ತೆಗೆದುಕೊಳ್ಳುವಾಗ, "ಅಕ್ಕಾರ, ಬಣ್ಣ ಬಿಡೂದಿಲ್ಲ ಹೌದಲ್ರಿ?" ಎಂದು ನಗುತ್ತಾ ಕೇಳಿದ್ದ. ಅವನ ಕೊರಳಲ್ಲಿ ಶಿವದಾರ, ಅದಕ್ಕೆ ಬೆಳ್ಳಿಯ ಕರಡಿಗೆ, ಒಳಗೆ ಇಷ್ಟಲಿಂಗ.

ಜಾರುಬಂಡೆಯ ಮೆಟ್ಟಿಲಿನ ಬುಡದಲ್ಲಿ ಆಪರೇಟರ್ ಅವನನ್ನು ತಡೆದು ರೂಲ್ಸಮ್ಮನನ್ನು ಕೂಗಿದ. ನನ್ನ ಕೌಂಟರಿನಿಂದ ಹತ್ತು ಹೆಜ್ಜೆ. ಹುಡುಗ ಜಗಳವಾಡಲಿಲ್ಲ, ಅದೇ ತಪ್ಪಾಯಿತು. ಮೆತ್ತಗೆ ಹೇಳಿದ. "ಅಮ್ಮಾರ, ಲಿಂಗ ಕಟ್ಟಿಸಿಕೊಂಡಾಗಿಂದ ಮೈ ಬಿಟ್ಟು ಇಳಿಸಿಲ್ರಿ. ಇದನ್ನ ತೆಗೆದ್ರ ಪ್ರಾಣ ತೆಗೆದಂಗ. ನೀವು ಬ್ಯಾಡ ಅಂದ್ರ ಹೊಳ್ಳಿ ಹೋಗ್ತೀನಿ." ರೂಲ್ಸಮ್ಮನ ಕೈ ತಮ್ಮ ಎದೆಗೆ ಹೋಯಿತು. ಸೆರಗಿನ ಒಳಗೆ ಅವರದೂ ಇತ್ತಲ್ಲ. ದಿನಾ ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ನೀರು ಸಹ ಕುಡಿಯದ ಹೆಂಗಸು. ಮೇಲೆ ಬಿಸಿಲು, ಹಿಂದೆ ಸಾಲು. ಅವರು ಅವನ ಮುಖವನ್ನು ಒಂದು ಗಳಿಗೆ ನೋಡಿದರು. "ಅಂಗಿ ಒಳಗ ಹಾಕ್ಕೊಂಡು, ಮ್ಯಾಲ ಕೈ ಹಿಡ್ಕೊಂಡು ಹೋಗಪಾ," ಎಂದರು. ಆಪರೇಟರನಿಗೆ, "ಬಿಡೋ, ನಾ ಅದೀನಿ," ಎಂದರು.

ತಾಳಿಗೊಂದು ನ್ಯಾಯ, ಲಿಂಗಕ್ಕೊಂದು ನ್ಯಾಯವೇ? ನನಗೆ ಅಂದೂ ಸಿಟ್ಟು ಬಂತು, ಇಂದೂ ಬರುತ್ತದೆ. ದಾರ ಬಿಚ್ಚಿ ಲಿಂಗವನ್ನು ತೋಳಿಗೆ ಬಿಗಿಯಾಗಿ ಕಟ್ಟಿದ್ದರೆ ಮೈ ಬಿಟ್ಟ ಹಾಗೂ ಆಗುತ್ತಿರಲಿಲ್ಲ, ಕೊರಳೂ ಖಾಲಿ ಇರುತ್ತಿತ್ತು. ಆಮೇಲೆ ಯಾರಾದರೂ ಹೇಳಬಹುದು. ಅವತ್ತು ಅಲ್ಲಿದ್ದ ಮೂರು ಜನರಿಗೂ ಅದು ಹೊಳೆಯಲಿಲ್ಲ.

ಕೊಳವೆಯ ನಡುವೆ ಒಂದು ಬೋಲ್ಟಿನ ಮುಚ್ಚಳ ಹೋಗಿತ್ತು. ದಾರ ಅದಕ್ಕೆ ಸಿಕ್ಕಿಕೊಂಡಿತು. ಕೆಳಗೆ ಬರಬೇಕಾದವನು ಬರಲಿಲ್ಲ. ಕೊಳವೆಯ ಒಳಗಿನಿಂದ ಒದೆಯುವ ಸದ್ದು ಬಂತು, ದಬ ದಬ, ಆಮೇಲೆ ನಿಧಾನ. ಆಪರೇಟರ್ ಮೇಲಿನಿಂದ ಬ್ಲೇಡು ಹಿಡಿದು ಒಳಗೆ ಜಾರಿದ. ದಾರ ಕೊಯ್ದ ಕೂಡಲೇ ಹುಡುಗ ಕೆಳಗಿನ ಕೊಳಕ್ಕೆ ಬಂದು ಬಿದ್ದ. ಮುಖ ನೀಲಿ, ಕೊರಳ ಸುತ್ತ ಆಳವಾದ ಗೀರು, ಅದರಿಂದ ರಕ್ತ. ರೂಲ್ಸಮ್ಮ ಸೀರೆಯಲ್ಲೇ ನೀರಿಗೆ ಹಾರಿ ಅವನನ್ನು ಕಟ್ಟೆಗೆ ಎಳೆದರು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಟವೆಲ್ ಹಿಡಿದು ಪಕ್ಕದಲ್ಲೇ ಇದ್ದೆ. ಅವನಲ್ಲಿ ಇನ್ನೂ ಉಸಿರಿತ್ತು. ಅವನ ಬಲಗೈ ಎದೆಯ ಮೇಲೆ ತಡಕಾಡಿತು, ಅಲ್ಲಿ ಇಲ್ಲಿ, ಮತ್ತೆ ಅಲ್ಲಿ. ಏನೂ ಸಿಗಲಿಲ್ಲ. ಕೈ ಹಾಗೇ ಜಾರಿ ಕೆಳಗೆ ಬಿತ್ತು.

ಮ್ಯಾನೇಜರ್ ಓಡಿಬಂದ. ನನಗೂ ರೂಲ್ಸಮ್ಮನಿಗೂ ಕೇಳಿಸುವಷ್ಟೇ ಸಣ್ಣ ದನಿಯಲ್ಲಿ ಹೇಳಿದ. "ಆಪರೇಟರ್ ಕಾಸು ತಗೊಂಡು ಬಿಟ್ಟ ಅಂತ ಹೇಳ್ರಿ. ಅವ ಕಾಂಟ್ರಾಕ್ಟಿನವ. ಬಾಕಿದ್ದು ಧಣಿಗಳು ನೋಡ್ಕೋತಾರ." ಬೋಲ್ಟಿನ ಮಾತೇ ಇಲ್ಲ. ಅಷ್ಟರಲ್ಲಿ ಹುಡುಗನ ಕಡೆಯವರಿಗೆ ಆಪರೇಟರ್ ಸಿಕ್ಕಿದ್ದ. ಕುರ್ಚಿಯ ಕಬ್ಬಿಣದ ಕಾಲು ಕಿತ್ತು ಬಡಿಯುತ್ತಿದ್ದರು. ಅವನು ಎರಡು ಮಕ್ಕಳ ತಂದೆ, ಗಣಿಯ ಕೆಲಸ ಬೇಡವೆಂದು ಇಲ್ಲಿಗೆ ಬಂದವನು. ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನೆಲದ ಮೇಲೆ ಮುದುಡಿ ಬಿದ್ದಿದ್ದ. "ನಾ ಬಿಟ್ಟಿಲ್ರಿ, ನಾ ಬಿಟ್ಟಿಲ್ರಿ," ಅನ್ನುತ್ತಿದ್ದ. ಯಾರು ಬಿಟ್ಟರು ಎಂದು ಮಾತ್ರ ಅವನ ಬಾಯಿಂದ ಬರಲಿಲ್ಲ. ಇನ್ನು ನಾಲ್ಕು ಏಟು ಬಿದ್ದಿದ್ದರೆ ಅವನು ಉಳಿಯುತ್ತಿರಲಿಲ್ಲ.

ರೂಲ್ಸಮ್ಮ ಹುಡುಗನ ತಲೆಯನ್ನು ನನ್ನ ಟವೆಲಿನ ಮೇಲೆ ಇಳಿಸಿ ಎದ್ದರು. ನೀರು ಸುರಿಯುವ ಸೀರೆಯಲ್ಲಿ ಆ ಗುಂಪಿನ ನಡುವೆ ನುಗ್ಗಿ, ಆಪರೇಟರನ ಮೇಲೆ ಅಡ್ಡ ನಿಂತರು. "ಅವನಲ್ಲ. ಹುಡುಗನ್ನ ಬಿಟ್ಟಾಕಿ ನಾನು. ಅವ ಬ್ಯಾಡ ಅಂದಿದ್ದ. ನಾನೇ ಬಿಡು ಅಂದೆ."

ನಾನು ಏನು ಮಾಡಿದೆ? ಓಡಿಹೋಗಿ ನನ್ನ ಕೌಂಟರಿನ ಶಟರ್ ಎಳೆದುಕೊಂಡೆ. ಶಟರಿನ ಸಂದಿಯಿಂದ ಎಲ್ಲ ಕಂಡಿತು. ರೂಲ್ಸಮ್ಮನ ತುರುಬು ಹಿಡಿದು ಎಳೆದರು. ಹೊಟ್ಟೆಗೆ ಒದ್ದರು. ಎಡಗೈಯನ್ನು ನೆಲಕ್ಕೆ ಹಿಡಿದು ಕಬ್ಬಿಣದಿಂದ ಜಜ್ಜಿದರು. ಕಿವಿಯ ಮೇಲೆ ಒಂದು ಏಟು ಬಿದ್ದಾಗ ಅವರು ಮೊದಲ ಬಾರಿಗೆ ಕೂಗಿದ್ದು ಕೇಳಿಸಿತು. ಆಮೇಲೆ ಆ ಕಿವಿ ಕೇಳಲೇ ಇಲ್ಲ. ಪೊಲೀಸ್ ಜೀಪು ಬರುವ ತನಕ ನಾನು ಶಟರಿನ ಹಿಂದೆ ಒದ್ದೆ ಬಟ್ಟೆಗಳ ರಾಶಿಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದೆ. ನಾಲ್ಕು ವರ್ಷ ಅವರ ರೊಟ್ಟಿ ತಿಂದವಳು. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಸು ವರ್ಷಗಟ್ಟಲೆ ನಡೆಯಿತು. ಕೋರ್ಟಿನಲ್ಲೂ ಅವರು ಇದನ್ನೇ ಹೇಳಿದರು, ಒಂದು ಅಕ್ಷರ ಆಚೀಚೆ ಇಲ್ಲ. ಶಿಕ್ಷೆಯನ್ನೂ ಅನುಭವಿಸಿದರು. ಪಾರ್ಕು ಬಾಗಿಲು ಹಾಕಿ, ಧಣಿಗಳು ಬೇರೆ ದಂಧೆ ಹಿಡಿದರು. ಆಪರೇಟರ್ ಸಂಡೂರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟ. ಮಗಳ ಮನೆ ಸೇರಿದ್ದ ರೂಲ್ಸಮ್ಮನನ್ನು ಪ್ರತಿ ತಿಂಗಳು ಹೋಗಿ ನೋಡಿಕೊಂಡು ಬರುತ್ತಿದ್ದವನು ಅವನೊಬ್ಬನೇ. ನಾನು ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಹೋದಾಗಲೂ ಶಟರಿನ ಮಾತು ಅವರು ಎತ್ತಲಿಲ್ಲ, ನನಗೆ ಎತ್ತುವ ಧೈರ್ಯ ಬರಲಿಲ್ಲ.

ಹುಡುಗ ಸತ್ತ ದಿನ ಸಂಜೆ ಇನ್ನೂ ಬೆಳಕಿತ್ತು. ಎಲ್ಲರೂ ಹೋದ ಮೇಲೆ ಪಂಪಿನವನಿಗೆ ಹೇಳಿ ಕೊಳದ ನೀರು ಖಾಲಿ ಮಾಡಿಸಿದೆ. ಕೆಂಪು ಕೆಸರು ತಳದಲ್ಲಿ ಉಳಿದಿತ್ತು. ಬರಿಗಾಲಲ್ಲಿ ಇಳಿದು ಹುಡುಕಿದೆ. ನೀರು ಹೋಗುವ ಜಾಲರಿಯ ಹತ್ತಿರ ಕರಡಿಗೆ ಸಿಕ್ಕಿತು. ಒಂದು ಕಡೆ ನೆಗ್ಗಿತ್ತು, ಕೊಯ್ದ ದಾರ ಅದಕ್ಕೇ ಅಂಟಿಕೊಂಡಿತ್ತು. ಪೊಲೀಸರಿಗೆ ಕೊಡಬೇಕಿತ್ತು, ಕೊಡಲಿಲ್ಲ. ತೊಳೆದು, ಹೊಸ ಟವೆಲಿನ ಅಂಚು ಹರಿದು ಅದರಲ್ಲಿ ಕಟ್ಟಿಕೊಂಡು ಹೊಸಪೇಟೆಯ ಆಸ್ಪತ್ರೆಗೆ ಹೋಗಿ ರೂಲ್ಸಮ್ಮನ ಬಲಗೈಗೆ ಇಟ್ಟೆ. ಎಲ್ಲಿ ಸಿಕ್ಕಿತು ಎಂದು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು.

ಮೂರನೆಯ ದಿನ ಹುಡುಗನ ತಾಯಿ ಬಂದರು. ಜೊತೆಗೆ ಬಂದವರನ್ನು ವಾರ್ಡಿನ ಹೊರಗೇ ನಿಲ್ಲಿಸಿ ಒಬ್ಬರೇ ಒಳಗೆ ಬಂದರು. ರೂಲ್ಸಮ್ಮನದೇ ವಯಸ್ಸು, ಅಂಥದೇ ವಿಭೂತಿ. ಬಾಗಿಲ ಹತ್ತಿರ ಕಾವಲಿಗಿದ್ದ ಪೊಲೀಸಿನವನು ತಡೆಯಲಿಲ್ಲ. ನಾನು ಸ್ಟೂಲಿನಿಂದ ಎದ್ದು ನಿಂತೆ.

"ನೀನೇನವ್ವಾ, ನನ್ನ ಮಗನ್ನ ಬಿಟ್ಟಾಕಿ?"

"ಹೌದ್ರಿ. ನಾನೇ."

ಹೊಡೆಯಲು ಕೈ ಎತ್ತಿದರು. ರೂಲ್ಸಮ್ಮನ ಮುಖದ ತುಂಬ ಪಟ್ಟಿ, ಎಡಗೈಗೆ ಸಿಮೆಂಟಿನ ಕಟ್ಟು, ತಲೆಗೆ ಪಟ್ಟಿ. ಎಲ್ಲಿ ಹೊಡೆಯುವುದೆಂದು ಹುಡುಕಿದವರ ಹಾಗೆ ನೋಡಿ, ಕೈ ಇಳಿಸಿ, ಮಂಚದ ಅಂಚಿಗೆ ಕೂತರು.

"ಆ ದಾರ ನಾನೇ ಹಾಕಿದ್ದೆ," ಎಂದರು ಆಮೇಲೆ. "ಹತ್ತಿ ದಾರ ನೀರಾಗ ಹರಿದು ಲಿಂಗ ಎಲ್ಲೆರ ಹೋದೀತು ಅಂತ. ಸಂತ್ಯಾಗ ನೈಲಾನ್ ದಾರ ತಂದು, ಮೂರೆಳಿ ಹೆಣೆದು ಹಾಕಿದ್ದೆ. ಹಳೇದು ಇದ್ದಿದ್ರ ಪಟ್ ಅಂತ ಹರೀತಿತ್ತು."

ರೂಲ್ಸಮ್ಮ ಏನೋ ಹೇಳಲು ಹೋದರು. ಆ ತಾಯಿ ಕೈ ಅಡ್ಡ ಮಾಡಿದರು.

"ಅದು ಬ್ಯಾಡ. ಒಂದ ಮಾತು ಕೇಳಾಕ ಬಂದೀನಿ, ಖರೆ ಹೇಳು. ದಾರ ಕೊಯ್ದ ಮ್ಯಾಲೂ ಉಸಿರಿತ್ತು ಅಂತಾರ. ಪ್ರಾಣ ಹೋಗೂ ಮುಂದ ಲಿಂಗ ಅವನ ಮೈಮ್ಯಾಗಿತ್ತೋ, ಇಲ್ಲೋ?"

ರೂಲ್ಸಮ್ಮ ದಿಂಬಿನ ಕೆಳಗೆ ಬಲಗೈ ಹಾಕಿ ಆ ಬಟ್ಟೆಯ ಗಂಟು ತೆಗೆದರು. ನಾಲ್ಕು ವರ್ಷದಲ್ಲಿ ಒಂದು ಸಲವೂ ಅವರ ಬಾಯಲ್ಲಿ ನಾನು ಸುಳ್ಳು ಕೇಳಿರಲಿಲ್ಲ. ಒಂದೇ ಒಂದು ಸುಳ್ಳು ಹೇಳಿದ್ದರೆ ಆ ಮಂಚದ ಮೇಲೆ ಬೇರೆಯವರು ಮಲಗಿರುತ್ತಿದ್ದರು.

"ಇತ್ರಿ," ಎಂದರು. "ದಾರ ಹೋದ್ರೂ ಲಿಂಗ ಹೋಗಿರ್ಲಿಲ್ಲ. ನಾನೇ ಅಂಗೈಯಾಗ ಇಟ್ಟೆ. ಗಟ್ಟಿ ಮುಷ್ಟಿ ಹಿಡಿದಿದ್ದ. ಹೋದ ಮ್ಯಾಲ ನಾ ಬಿಡಿಸ್ಕೊಂಡೆ, ಜನದಾಗ ಕಳೀಬಾರ್ದು ಅಂತ."

ತಾಯಿ ಗಂಟು ಇಸಿದುಕೊಂಡು, ಬಿಚ್ಚದೆ, ನನ್ನ ಕಡೆ ತಿರುಗಿದರು. "ನೀನೂ ಅಲ್ಲೇ ಇದ್ದೇನವ್ವಾ? ಖರೆ ಏನು?"

ಆ ಕೈ ಎದೆಯ ಮೇಲೆ ತಡಕಾಡಿದ್ದು ನನ್ನ ಕಣ್ಣ ಮುಂದೆಯೇ ಇತ್ತು. ಇವತ್ತಿಗೂ ಇದೆ.

"ಖರೇರಿ," ಎಂದೆ. "ನಾನೂ ನೋಡಿದೆ. ಮುಷ್ಟಿಯಾಗಿತ್ತು."

ಅವರು ಗಂಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಸೆರಗಿನ ಒಳಗೆ ಇಟ್ಟುಕೊಂಡರು. ಎದ್ದು ಬಾಗಿಲ ತನಕ ಹೋಗಿ ನಿಂತರು. ತಿರುಗಿ ನೋಡಲಿಲ್ಲ.

"ಆದ್ರೂ ನಿನ್ನ ನಾ ಮಾಫ್ ಮಾಡಂಗಿಲ್ಲವ್ವಾ."

"ಬ್ಯಾಡ್ರಿ," ಎಂದರು ರೂಲ್ಸಮ್ಮ. "ಮಾಡಬ್ಯಾಡ್ರಿ."